ಖಾಲಿ ರಾಡಿನ ಮರ್ಯಾದೆ

ಭಾರ ಎತ್ತುವ ಸಾಮು ಖಾಲಿ ರಾಡಿನಿಂದ ಶುರುವಾಗಬೇಕು. ಒಲಿಂಪಿಕ್ ಅಳತೆಯಲ್ಲಿ ಗಂಡಸರ ರಾಡು 20 ಕೆ.ಜಿ., ಹೆಂಗಸರದು 15. ಬಡಾವಣೆಯ ಜಿಮ್ಮುಗಳಲ್ಲಿ ಇದಕ್ಕಿಂತ ಹಗುರವಾದವೂ ಇರುತ್ತವೆ. ಎತ್ತುವ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ತುದಿಗಳಲ್ಲಿ ಏನೂ ಇಲ್ಲದ ಈ ಸರಳಿಗೆ ಹೊಸಬರು ಮೂರು ಕಾಸಿನ ಬೆಲೆ ಕೊಡುವುದಿಲ್ಲ. 25 ಕೆ.ಜಿ. ಅಕ್ಕಿಮೂಟೆಯನ್ನು ಆಟೋದಿಂದ ಅಡುಗೆಮನೆಗೆ ಸಾಗಿಸಲು ವಾಚ್‌ಮನ್ನನ್ನೂ ಭಾವಮೈದುನನನ್ನೂ ಕೂಗುವ ಗೃಹಸ್ಥರು ಜಿಮ್ಮಿನೊಳಗೆ ಕಾಲಿಟ್ಟೊಡನೆ 20 ಕೆ.ಜಿ.ಯನ್ನು ಸೊನ್ನೆ ಎಂದು ಎಣಿಸುತ್ತಾರೆ. 'ಕಾಲೇಜಿನಲ್ಲಿದ್ದಾಗ ಎತ್ತುತ್ತಿದ್ದೆ' ಎಂಬ ಮಾತು ಬರುವುದೂ ಈ ಹೊತ್ತಿನಲ್ಲೇ. ಯಾವ ಕಾಲೇಜು, ಏನನ್ನು ಎತ್ತಿದ್ದು ಎಂದು ಕೇಳುವ ವಾಡಿಕೆ ಇಲ್ಲ.

ಭಾರ ಎತ್ತುವುದು ನಿನ್ನೆ ಮೊನ್ನೆಯ ಖಯಾಲಿಯೇನೂ ಅಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ ನಡೆಯುತ್ತದೆ. ಮೈಸೂರಿನ ಗರಡಿಗಳಲ್ಲಿ ಹೊಸ ಹುಡುಗ ಚಪ್ಪಲಿ ಹೊರಗೆ ಬಿಟ್ಟು, ಮಟ್ಟಿಯ ಮಣ್ಣಿಗೆ ಕೈಮುಗಿದು, ದಂಡ ಬಸ್ಕಿ ಹೊಡೆಯುತ್ತಾನೆ. ಗದೆಯ ಸರದಿ ಆಮೇಲೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ.ವಿ. ಅಯ್ಯರ್ ಅವರೇ 'ಶಾಂತಲಾ' ಕಾದಂಬರಿಯನ್ನೂ ಬರೆದರು. ಹಾಗಾಗಿ ಬರೆಯುವವರು ಭಾರ ಎತ್ತಬಾರದೆಂಬ ವಾದಕ್ಕೆ ಕನ್ನಡದಲ್ಲಿ ಆಧಾರವಿಲ್ಲ. ಎತ್ತಲೇಬೇಕು ಎಂಬುದಕ್ಕೂ ಇಲ್ಲ, ಆದರೆ ಅದನ್ನು ಜಿಮ್ಮಿನ ಫೀಸು ಕಟ್ಟಿದ ಮೇಲೆ ಯೋಚಿಸಿ ಪ್ರಯೋಜನವಿಲ್ಲ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಎರಡು ಬಗೆಯ ಎತ್ತುಗಳಿಂದ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. ಅಂಥ ವಿಡಿಯೊವನ್ನು ರಾತ್ರಿ ಮಲಗಿಕೊಂಡು ನೋಡಿ ಬೆಳಿಗ್ಗೆ ಜಿಮ್ಮು ಸೇರುವವರಿಗೆ, ಆ ಎತ್ತಿನ ಹಿಂದೆ ಇರುವ ವರ್ಷಗಳು ವಿಡಿಯೊದಲ್ಲಿ ಕಾಣಿಸುವುದಿಲ್ಲ.

ಕ್ರಮ ಸರಳವಾಗಿದೆ. ಐದು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ವಾರಕ್ಕೆ ಎರಡು ಮೂರು ದಿನ, ಒಂದೊಂದು ಸಾಮು ಎರಡು ಮೂರು ಸೆಟ್, ಸೆಟ್ಟಿಗೆ ಎಂಟರಿಂದ ಹನ್ನೆರಡು ಸಲ; ಇನ್ನೂ ಎರಡು ಸಲ ಆದೀತು ಎನ್ನುವಾಗಲೇ ಇಳಿಸಬೇಕು. ನೆಲದಿಂದ ಎತ್ತುವಾಗ ಬಗ್ಗಬೇಕಾದದ್ದು ಸೊಂಟದ ಕೀಲಿನಲ್ಲಿ, ಬೆನ್ನು ಗೂನಾಗಕೂಡದು. ತೂಕ ಏರಿಸುವಾಗ ಒಂದು ಬದಿಗೆ 1.25 ಕೆ.ಜಿ. ಸಾಕು. ಆ ಪುಟ್ಟ ಪ್ಲೇಟು ಕೈಗೆತ್ತಿಕೊಳ್ಳಲು ಸಂಕೋಚಪಡುವವರೇ ಬೆನ್ನು ಹಿಡಿದುಕೊಂಡು ಮನೆಗೆ ಹೋಗುವುದು.

ಬೆಂಚ್ ಪ್ರೆಸ್ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಅಂಗಾತ ಮಲಗಿ ರಾಡನ್ನು ಎದೆಗೆ ಇಳಿಸುವುದು, ಮತ್ತೆ ಮೇಲಕ್ಕೆ ತಳ್ಳುವುದು, ಇಷ್ಟೇ. ಇಳಿಸುವುದು ಎಲ್ಲರಿಗೂ ಬರುತ್ತದೆ. ಅದಕ್ಕೆ ಭೂಮಿಯ ಸಹಕಾರವಿದೆ. ಮೇಲಕ್ಕೆ ಹೋಗಲೊಲ್ಲದೆ ರಾಡು ಎದೆಯ ಮೇಲೆ ಠಿಕಾಣಿ ಹೂಡಿದಾಗ ಹೊಸಬ ಮೊದಲು ಮಾಡುವುದು, ತಾನೇ ಬೇಕೆಂದು ಅಲ್ಲಿ ಇಟ್ಟುಕೊಂಡಿರುವಂತೆ ಮುಖ ಮಾಡುವುದು. ಇದೂ ಒಂದು ಪದ್ಧತಿ ಇರಬೇಕು ಎಂದು ಪಕ್ಕದವರು ತಿಳಿಯಲಿ ಎಂಬ ಆಸೆ. ಆಮೇಲೆ ಚಾವಣಿಯ ಫ್ಯಾನಿನ ಮೂರೂ ರೆಕ್ಕೆಗಳ ಧೂಳಿನ ಪರಿಶೀಲನೆ. ಕೂಗೋಣವೆಂದರೆ ಸ್ಪೀಕರಿನ ಹಾಡಿನಲ್ಲಿ ಯಾರಿಗೂ ಕೇಳಿಸದು. ಹಾಡು ನಿಂತಾಗ ಕೂಗಿದರೆ ಎಲ್ಲರಿಗೂ ಕೇಳಿಸಿಬಿಡುತ್ತದೆ. ಏನೆಂದು ಕೂಗುವುದು ಎಂಬುದೂ ತೀರ್ಮಾನವಾಗಬೇಕು. 'ಅಯ್ಯೋ' ಎಂದರೆ ಮರ್ಯಾದೆ ಹೋಯಿತು. 'ಸ್ವಲ್ಪ ಬರ್ತೀರಾ ಸರ್' ಎನ್ನುವಷ್ಟು ಉಸಿರು ಉಳಿದಿಲ್ಲ. ಟ್ರೇನರ್ ಮಗನ ವಯಸ್ಸಿನವನು, 'ಬಾರಪ್ಪಾ' ಎಂದರೆ ಸಾಕು. ಆದರೆ ಮೊದಲ ದಿನವೇ ಅವನನ್ನು 'ಮಾಸ್ಟರ್' ಎಂದು ಕರೆದಾಗಿದೆ, ಮತ್ತು ಮಾಸ್ಟರ್ ಫೋನಿನಲ್ಲಿದ್ದಾರೆ. ಉಳಿದ ದಾರಿ, ರಾಡನ್ನು ಹೊಟ್ಟೆಯ ಮೇಲೆ ಉರುಳಿಸಿ ತೊಡೆಗೆ ತಂದು ಎದ್ದು ಕೂರುವುದು. ಮೂವತ್ತು ವರ್ಷ ಬಿಸಿಬೇಳೆಬಾತ್ ಉಂಡ ಹೊಟ್ಟೆಯನ್ನು ದಾಟಿಸುವುದೆಂದರೆ ಲೋಡು ಲಾರಿಯನ್ನು ಚಾರ್ಮಾಡಿ ಘಾಟಿ ಹತ್ತಿಸಿದ ಹಾಗೆ. ಇಷ್ಟು ವಿವರ ಪುಸ್ತಕ ಓದಿ ಬರುವುದಿಲ್ಲವೆಂದು ಯಾರಾದರೂ ಊಹಿಸಿದರೆ ಇಲ್ಲಿ ಅದಕ್ಕೆ ತಕರಾರಿಲ್ಲ.

ಪರಿಹಾರಗಳು ಕಷ್ಟದವಲ್ಲ. ಮಲಗುವ ಮೊದಲೇ 'ಸಪೋರ್ಟ್ ಕೊಡ್ತೀರಾ' ಎಂದು ಕೇಳಿ ಒಬ್ಬರನ್ನು ತಲೆಯ ಹಿಂದೆ ನಿಲ್ಲಿಸಿಕೊಳ್ಳಬೇಕು. ಬೆಂಚಿಗೆ ಅಡ್ಡಸರಳುಗಳಿದ್ದರೆ ಎದೆಯ ಮಟ್ಟಕ್ಕೆ ಹೊಂದಿಸಬೇಕು. ಎರಡೂ ಇಲ್ಲದೆ ಒಂಟಿಯಾಗಿದ್ದರೆ ತುದಿಯ ಕ್ಲಿಪ್ಪು ಹಾಕಬಾರದು; ಸಿಕ್ಕಿಬಿದ್ದಾಗ ರಾಡನ್ನು ವಾಲಿಸಿದರೆ ಪ್ಲೇಟುಗಳು ಜಾರಿ ಬೀಳುತ್ತವೆ. ಸದ್ದಾಗುತ್ತದೆ, ಆಗಲಿ. ಹೊಸಬ ಹೆದರುವ ಆ ನೂರು ಕಣ್ಣುಗಳು ಅಲ್ಲಿ ಇರುವುದೇ ಇಲ್ಲ. ಪ್ರತಿಯೊಬ್ಬರೂ ಕನ್ನಡಿಯಲ್ಲಿ ತಮ್ಮ ತೋಳನ್ನೇ ನೋಡಿಕೊಳ್ಳುತ್ತಿರುತ್ತಾರೆ.

ಮೈಕೈ ನೋವು ಮರುದಿನಕ್ಕಿಂತ ಅದರಾಚೆಯ ದಿನ ಹೆಚ್ಚು. ಆಗ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಭಾರತೀಯ ಶೈಲಿಯ ಶೌಚಾಲಯದಿಂದ ಏಳುವುದು ಅದಕ್ಕಿಂತ ಕಷ್ಟ. ಅದು ಕೆಲವೇ ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಕೀಲಿನೊಳಗೆ ಚಳುಕು ಹೊಡೆಯುವ ನೋವಿನ ಜಾತಿ ಬೇರೆ. ಅದನ್ನು ಸಹಿಸಿಕೊಂಡು ಎತ್ತುವುದು ಶೌರ್ಯವಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡಾಗ ನಾಡಿನ ಮನೆಮನೆಯಲ್ಲೂ ಜಿಮ್ಮಿಗೂ ಹೃದಯಕ್ಕೂ ಗಂಟು ಹಾಕಿ ಮಾತಾಡಿದರು. ವ್ಯಾಯಾಮವನ್ನೇ ಅಪರಾಧಿ ಮಾಡುವುದು ಸರಿಯಲ್ಲ. ಆದರೆ ನಲವತ್ತು ದಾಟಿದವರು, ಬಿಪಿ ಶುಗರ್ ಇರುವವರು, ಮನೆತನದಲ್ಲಿ ಹೃದ್ರೋಗ ಇರುವವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಬೇಕು. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ತಳ್ಳುವಾಗ ಉಸಿರು ಬಿಡಬೇಕು. ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹಬ್ಬಿದರೆ, 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿಯುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಉಳಿದದ್ದು ಸಹವಾಸದ ಮಾತು. ಬೆವರು ಬಿದ್ದ ಬೆಂಚನ್ನು ಒರೆಸಬೇಕು. ಅದರ ಮೇಲೆ ಕೂತು ರೀಲ್ಸ್ ನೋಡುವುದು ವ್ಯಾಯಾಮವಲ್ಲ. ಕಾಯುವವರಿದ್ದರೆ ಸರದಿ ಬಿಡಬೇಕು. ಸೀರೆಯಂಗಡಿಯ ದುಡಿಮೆ ಮುಗಿಸಿ ಬಂದ ಹೆಂಗಸು ರಾಡು ಹಿಡಿದರೆ ತಿರುಗಿ ತಿರುಗಿ ನೋಡಬಾರದು, ಯಾರ ಮೈಯ ದಪ್ಪ ಸಣ್ಣದ ಮೇಲೂ ಮಾತಾಡಬಾರದು. ಮೂರು ತಿಂಗಳು ತುಂಬಿದ ಸದಸ್ಯರಲ್ಲಿ ಇದ್ದಕ್ಕಿದ್ದಂತೆ ಗುರುತ್ವ ಮೊಳೆಯುತ್ತದೆ. ಕೇಳದಿದ್ದರೂ ಮೊಣಕೈ ತಿದ್ದಲು ಬರುವ ಈ ಮಹನೀಯರಿಂದ ರಕ್ಷಣೆಗೆ ಕಿವಿಯಲ್ಲಿ ಇಯರ್‌ಫೋನ್ ಸಾಕು, ಹಾಡು ಹಾಕಲೇಬೇಕೆಂದಿಲ್ಲ. ಕೊನೆಗೆ ಪ್ಲೇಟುಗಳನ್ನು ಅವುಗಳ ಜಾಗಕ್ಕೆ ಮರಳಿಸಬೇಕು. ಬಿಚ್ಚುವಾಗ ಒಂದು ಬದಿಯದನ್ನೆಲ್ಲ ಒಮ್ಮೆಗೇ ತೆಗೆದರೆ ಇನ್ನೊಂದು ಬದಿ ಕುಸಿದು ರಾಡು ಮಗುಚುತ್ತದೆ; ಎಡಕ್ಕೊಂದು, ಬಲಕ್ಕೊಂದು, ಹೀಗೆ ಸರದಿಯಲ್ಲಿ ತೆಗೆಯಬೇಕು.