ಟರ್ಬೊ ಪಂಡಿತರು

ಪರ್ವತದಲ್ಲಿ ಧೂಮವನ್ನು ಕಂಡು ಅಲ್ಲಿ ಅಗ್ನಿಯುಂಟೆಂದು ಸಾಧಿಸುವುದಕ್ಕೆ ನಮ್ಮ ನೈಯಾಯಿಕರು ಪ್ರತಿಜ್ಞೆಯಿಂದ ಮೊದಲುಗೊಂಡು ನಿಗಮನದವರೆಗೆ ಐದು ಅವಯವಗಳನ್ನು ಒಂದೊಂದಾಗಿ ಏರಬೇಕಾಗಿತ್ತು. ಡೀಸೆಲ್ ಬಂಡಿಯ ಸೈಲೆನ್ಸರಿನ ಬಾಯಲ್ಲಿ ಧೂಮವನ್ನು ಕಂಡ ಮಾತ್ರಕ್ಕೆ ಮೊದಲಿನ ನಾಲ್ಕನ್ನೂ ಹಾರಿ, ‘ಟರ್ಬೊ ಹೋಗಿದೆ’ ಎಂಬ ನಿಗಮನದ ಮೇಲೆ ಒಂದೇ ಜಿಗಿತಕ್ಕೆ ಬಂದು ನಿಲ್ಲಬಲ್ಲ ಮಹನೀಯರು ನಮ್ಮ ಕಾಲದಲ್ಲಿ ಅವತರಿಸಿದ್ದಾರೆ. ಶಿರಾ, ಹಿರಿಯೂರು, ರಾಣೆಬೆನ್ನೂರುಗಳಂತಹ ಹೆದ್ದಾರಿಯ ಊರುಗಳಲ್ಲಿ ಗ್ಯಾರೇಜು ಎಲ್ಲಿ ಉಂಟೋ ಅಲ್ಲಿ ಇವರೂ ಉಂಟು.

ಇವರು ಮೆಕ್ಯಾನಿಕ್ ಅಲ್ಲ. ಸ್ಪ್ಯಾನರನ್ನು ಹಿಡಿದ ಕೈಯಲ್ಲ. ನಿವೃತ್ತಿಯ ತರುವಾಯ ಬೆಳಗಿನ ತಿಂಡಿ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವೃತ್ತಪತ್ರಿಕೆಯನ್ನು ಕಂಕುಳಲ್ಲಿರಿಸಿಕೊಂಡು ಗ್ಯಾರೇಜಿನ ಬೆಂಚನ್ನು ಅಲಂಕರಿಸುವ ಇವರು, ಬಾನೆಟ್ಟು ತೆರೆದ ಸದ್ದು ಕೇಳಿತೆಂದರೆ ಓದುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಎದ್ದು ಬರುತ್ತಾರೆ. ಹೊರಬೀಳುವ ಹೊಗೆಯ ಬಲದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಟರ್ಬೊವಿನ ಕಲ್ಪನೆಗೆ 1905ರಲ್ಲಿಯೇ ಪೇಟೆಂಟ್ ಪಡೆದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬುದನ್ನು ವಾಹನದ ಒಡೆಯನಿಗೆ ಮೊದಲು ತಿಳಿಸುತ್ತಾರೆ. ಅದು ನಿಜ. ಮುಂದೆ ಹೇಳುವುದಕ್ಕೆಲ್ಲ ಈ ಒಂದು ನಿಜದ ಬಲವೇ ಆಧಾರ.

ಇವರ ಪರೀಕ್ಷಾಕ್ರಮ ಮೂರು ಬಗೆಯದು. ಮೊದಲನೆಯದು ಧೂಮದರ್ಶನ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದೂ, ಕಪ್ಪು ಬಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಾಲದೆಂದೂ, ಬಿಳಿಯದು ಬಂದರೆ ಡೀಸೆಲ್ ಉರಿಯದೆ ಹೊರಬೀಳುತ್ತಿದೆ ಅಥವಾ ರೇಡಿಯೇಟರಿನ ನೀರು ಒಳಹೊಕ್ಕಿದೆಯೆಂದೂ ಬಲ್ಲವರು ಭೇದವೆಣಿಸುತ್ತಾರೆ. ನಮ್ಮ ಪಂಡಿತರು ಅದ್ವೈತಿಗಳಾದ ಕಾರಣ ಬಣ್ಣದ ಭೇದವನ್ನು ಮಿಥ್ಯೆಯೆಂದು ತಳ್ಳಿಬಿಡುತ್ತಾರೆ. ಎರಡನೆಯದು ಅಂಗುಲಿಪರೀಕ್ಷೆ. ಇಂಟರ್‌ಕೂಲರಿನ ಹೋಸ್ ಪೈಪನ್ನು ಬಿಚ್ಚಿಸಿ ಅದರೊಳಗೆ ಬೆರಳಾಡಿಸಿ, ಬೆರಳಿಗೆ ಹತ್ತಿದ ಆಯಿಲನ್ನು ಒಡೆಯನ ಮೂಗಿನ ಮುಂದೆ ಹಿಡಿಯುತ್ತಾರೆ. ಎಂಜಿನ್ನಿನ ಉಸಿರಿನೊಡನೆ ಬಂದ ಆಯಿಲಿನ ಆವಿ ಅಲ್ಲಿ ತೆಳ್ಳಗೆ ಕಟ್ಟಿಕೊಳ್ಳುವುದು ಆರೋಗ್ಯವಂತ ಬಂಡಿಗೂ ಸಹಜವೆಂದು ಯಾರಾದರೂ ಹೇಳಿದರೆ, ‘ನಿಮಗೆ ಅನುಭವ ಸಾಲದು’ ಎಂದು ಮರುಕದಿಂದ ನೋಡುತ್ತಾರೆ. ಮೂರನೆಯದು ಕಂಪನಪರೀಕ್ಷೆ, ಸಡಿಲವಾದ ಹಲ್ಲನ್ನು ಅಲುಗಿಸುವಂತೆ ಟರ್ಬೊವಿನ ಶಾಫ್ಟನ್ನು ಅತ್ತಿತ್ತ ಅಲುಗಿಸಿ, ‘ಪ್ಲೇ ನೋಡಿದಿರಾ?’ ಎನ್ನುವುದು. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಆ ಶಾಫ್ಟು ಆಯಿಲಿನ ಪೊರೆಯ ಮೇಲೆ ತೇಲುವ ಬುಷ್ಷುಗಳಲ್ಲಿ ಕುಳಿತಿರುವುದರಿಂದ ಪಕ್ಕಕ್ಕೆ ಕಿಂಚಿತ್ತು ಅಲುಗಾಡಲೇಬೇಕು. ಹಿಂದಕ್ಕೂ ಮುಂದಕ್ಕೂ ಕೈಗೆ ತಿಳಿಯುವಷ್ಟು ಜರುಗಿದರೆ, ಅಥವಾ ಚಕ್ರದ ರೆಕ್ಕೆ ಗೂಡಿಗೆ ಉಜ್ಜಿದ್ದರೆ ಮಾತ್ರ ಅಪಾಯ.

ಒಮ್ಮೆ ತರಕಾರಿಯ ವ್ಯಾನೊಂದು ನೀಲಿ ಹೊಗೆಯನ್ನು ಕಾರುತ್ತ ಬಂದಿತು. ‘ಎಳೆತ ಇಲ್ಲ ಸಾರ್, ಆಯಿಲ್ ಬೇರೆ ಕುಡೀತಿದೆ’ ಎಂದನು ಅದರ ಒಡೆಯ. ಪಂಡಿತರು ಮೂರು ಪರೀಕ್ಷೆಗಳನ್ನೂ ಸಾಂಗವಾಗಿ ನೆರವೇರಿಸಿ, ಹೊಸ ಟರ್ಬೊವಿನ ಬೆಲೆಯನ್ನೂ ಹೇಳಿ, ಆ ಬಡಪಾಯಿಯ ಮುಖದಲ್ಲಿದ್ದ ರಕ್ತವನ್ನು ಇಳಿಸಿದರು. ಗ್ಯಾರೇಜಿನ ಮೇಸ್ತ್ರಿ ಮರುಮಾತಾಡದೆ ಮೊದಲು ಏರ್ ಫಿಲ್ಟರನ್ನು ತೆಗೆದನು. ಕೆಮ್ಮಣ್ಣು ಗಟ್ಟಿಯಾಗಿ ಕೂತು ಉಸಿರಿಗೆ ದಾರಿಯೇ ಇರಲಿಲ್ಲ. ಗಾಳಿ ಸಿಕ್ಕದಾಗ ಕಂಪ್ರೆಸರಿನ ಚಕ್ರವು ತನ್ನ ಬೆನ್ನ ಹಿಂದಿನ ಆಯಿಲನ್ನೇ ಹೀರತೊಡಗುತ್ತದೆ. ಬಳಿಕ ರಿಟರ್ನ್ ಪೈಪನ್ನು ಬಿಚ್ಚಿದನು. ಅದರೊಳಗೆ ಆಯಿಲ್ ಸುಟ್ಟು ಇದ್ದಲಾಗಿತ್ತು. ಟರ್ಬೊವಿನಲ್ಲಿ ಆಯಿಲನ್ನು ತಡೆಯುವುದು ರಬ್ಬರಿನ ಬಿರಡೆಯಲ್ಲ, ಪಿಸ್ಟನ್ನಿನ ರಿಂಗಿನಂತಹ ಲೋಹದ ಬಳೆ ಮತ್ತು ಎರಡು ಕಡೆಯ ಒತ್ತಡದ ವ್ಯತ್ಯಾಸ; ಕೆಲಸ ಮುಗಿಸಿದ ಆಯಿಲ್ ತನ್ನ ಭಾರದಿಂದಲೇ ಕೆಳಗಿಳಿಯಬೇಕು. ಇಳಿಯುವ ದಾರಿ ಕಟ್ಟಿದರೆ, ಅಥವಾ ಬ್ರೀದರು ಮುಚ್ಚಿ ಎಂಜಿನ್ನಿನ ಹೊಟ್ಟೆಯ ಒತ್ತಡ ಏರಿದರೆ, ಅದು ಬಳೆಯನ್ನು ದಾಟದೆ ಮತ್ತೆಲ್ಲಿ ಹೋದೀತು? ಮೇಸ್ತ್ರಿ ಫಿಲ್ಟರನ್ನೂ ಪೈಪನ್ನೂ ಬದಲಾಯಿಸಿ ಬ್ರೀದರನ್ನು ತೊಳೆದು ಬಂಡಿಯನ್ನು ಚಾಲೂ ಮಾಡಿದಾಗ ಹೊಗೆ ಮತ್ತೆ ಕಾಣಿಸಿತು. ಪಂಡಿತರ ಮುಖ ಅರಳಿತು. ಪೈಪುಗಳಲ್ಲಿ ಉಳಿದಿದ್ದ ಆಯಿಲ್ ಉರಿದು ಮುಗಿಯುತ್ತಲೇ ಹೊಗೆ ನಿಂತಿತು. ಆದರೂ ಪಂಡಿತರು ಧೃತಿಗೆಡಲಿಲ್ಲ. ‘ನಾನು ಹೇಳಲಿಲ್ಲವೇನಯ್ಯಾ? ಹೋಗುವುದರಲ್ಲಿತ್ತು, ಸ್ವಲ್ಪದರಲ್ಲಿ ಉಳಿಯಿತು’ ಎಂದು ವೃತ್ತಪತ್ರಿಕೆಯನ್ನು ಬಿಡಿಸಿದರು.

ಪರರ ಬಂಡಿಗಳಲ್ಲಿ ಇಲ್ಲದ ರೋಗವನ್ನು ಕಾಣುವ ಈ ದಿವ್ಯದೃಷ್ಟಿ ಸ್ವಂತ ಕಾರಿನ ವಿಷಯದಲ್ಲಿ ಮಾತ್ರ ಮಂದವಾಗುತ್ತದೆ. ಶಿರಾಡಿ ಘಾಟಿಯನ್ನು ಒಂದೇ ಉಸಿರಿಗೆ ಹತ್ತಿ, ಕಾಫಿಯ ಆಸೆಗೆ ಬಂಡಿ ನಿಂತ ಕ್ಷಣದಲ್ಲಿಯೇ ಕೀಲಿ ತಿರುಗಿಸುವುದು ಇವರ ಪದ್ಧತಿ. ಕೆಂಪಗೆ ಕಾದ ಟರ್ಬೊವಿಗೆ ಆಯಿಲಿನ ಹರಿವು ಥಟ್ಟನೆ ನಿಂತು, ಒಳಗುಳಿದದ್ದು ಅಲ್ಲೇ ಸುಟ್ಟು ಕರಿಕಟ್ಟಿ ಬುಷ್ಷನ್ನು ತಿನ್ನುತ್ತದೆ. ಆಯಿಲ್ ಬದಲಾಯಿಸುವ ಅವಧಿಯನ್ನು ‘ಕಂಪನಿಯವರ ವ್ಯಾಪಾರ’ವೆಂದು ಇವರು ಮುಂದೂಡಿಕೊಂಡೇ ಬಂದಿದ್ದಾರೆ. ಈಗ ಆ ಕಾರು ಹೊರಟರೆ ಸೈರನ್ನಿನಂತಹ ಕೂಗು, ಹಿಂದೆ ನೀಲಿ ಮೇಘ. ಮೇಸ್ತ್ರಿ ನೋಡಿ, ಶಾಫ್ಟು ಹಿಂದೆ ಮುಂದೆ ಜರುಗುವುದನ್ನೂ ರೆಕ್ಕೆಗಳ ತುದಿ ಸವೆದಿರುವುದನ್ನೂ ತೋರಿಸಿ, ‘ರಾಯರೇ, ಇದು ಮಾತ್ರ ನಿಜವಾಗಿ ಹೋಗಿದೆ’ ಎಂದರೆ, ಪಂಡಿತರು ನಕ್ಕು, ‘ಚಳಿಗಾಲವಲ್ಲವೇ, ಮಂಜು’ ಎನ್ನುತ್ತಾರೆ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಬೆಂಚಿನ ಮೇಲಿಂದ ಬಂದ ತೀರ್ಪಿಗೆ ಹಣ ಎಣಿಸುವ ಮುನ್ನ ಫಿಲ್ಟರು, ರಿಟರ್ನ್ ಪೈಪು, ಬ್ರೀದರು ಈ ಮೂರನ್ನೂ ನೋಡಿಸಿರಿ. ಟರ್ಬೊ ನಿಜವಾಗಿಯೇ ಹೋಗಿದ್ದರೆ, ಅದು ಹೋದ ಕಾರಣವನ್ನು ಹುಡುಕಿಸಿ, ಆಯಿಲಿನ ಪೈಪುಗಳನ್ನು ಶುದ್ಧಮಾಡಿಸಿದ ಮೇಲೆಯೇ ಹೊಸತನ್ನು ಕೂಡಿಸಿರಿ. ಇಲ್ಲವಾದರೆ ಅದೂ ಹಳೆಯದರ ಹಾದಿಯನ್ನೇ ಹಿಡಿಯುವುದು, ಪಂಡಿತರು ಹೇಳಿದ್ದು ಕೊನೆಗೂ ನಿಜವಾಗುವುದು.