ಜಗಲಿಯಲ್ಲಿ ಮಲಗಿದ ಸ್ಟೇರಿಂಗು

ನಿನ್ನೆ ಬೇಲಿ ಹತ್ತಿರ ನಿಂತು ಕೇಳಿದಿರಲ್ಲ, ಜಗಲಿಯಲ್ಲಿ ಗೋಣಿ ಹಾಸಿ ಉದ್ದಕ್ಕೆ ಮಲಗಿಸಿದ್ದು ಎಂತದ್ದು ಅಂತ. ಹೇಳುವಷ್ಟರಲ್ಲಿ ಆಟಿಯ ಮಳೆ ಹೊಯ್ಯಿತು, ನೀವು ಒಳಗೆ ಓಡಿದಿರಿ. ಅದು ನಮ್ಮ ಜೀಪಿನ ಸ್ಟೇರಿಂಗು ಮಾರಾಯ್ರೆ. ಹಳೇ ಜೀಪಿನಲ್ಲಿ ಶಾಫ್ಟು, ಅದರ ಹೊರಗಿನ ಕೊಳವೆ, ಅಡಿಯ ಬಾಕ್ಸು ಎಲ್ಲ ಒಂದೇ ಮೈ. ಈಗಿನ ಕಾರಿನ ಹಾಗೆ ನಡುವಿನಲ್ಲಿ ಜಾಯಿಂಟು ಇಲ್ಲ. ಹಾಗಾಗಿ ಬಿಚ್ಚಿದರೆ ಆಳುದ್ದದ ಸಾಮಾನು ಕೈಗೆ ಬರ್ತದೆ.

ಅಪ್ಪನ ಕಾಲದ ಜೀಪು ಅದು. ಎತ್ತರ ಬಾನೆಟ್ಟಿನ ಸಿಜೆ-3ಬಿ. ಒಳಗಿನ ಹರಿಕೇನ್ ಇಂಜಿನು ಎತ್ತರ ಇದ್ದದ್ದರಿಂದಲೇ ಬಾನೆಟ್ಟನ್ನು ಮೇಲೆ ಎತ್ತಬೇಕಾಯಿತು. ಮಹೀಂದ್ರಾದವರು 1947ರಲ್ಲಿ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ ವಂಶದ್ದೇ. ಪಂಜ, ಗುತ್ತಿಗಾರು, ಬಿಳಿನೆಲೆ ಕಡೆ ಬಸ್ಸು ಹೋಗದ ಮನೆಗಳಿಗೆ ಹೆರಿಗೆಗೆ, ಮದುವೆಗೆ, ಅಡಿಕೆ ಗೋಣಿಗೆ, ಮದ್ದು ಬಿಡುವಾಗ ಮೈಲುತುತ್ತು ಸುಣ್ಣ ತರಲಿಕ್ಕೆ ಇದೇ ಜಾತಿಯ ಜೀಪು ಆಗಬೇಕಿತ್ತು. ನಿಮಗೂ ನೆನಪಿರಬಹುದು, ಸುಳ್ಯದಿಂದ ಒಳಗಿನ ಊರುಗಳಿಗೆ ಸರ್ವಿಸ್ ಜೀಪಿನ ಹಿಂದೆ ನೇತಾಡಿಕೊಂಡು ಹೋದದ್ದು.

ಬಿಚ್ಚಲು ಕಾರಣ ಹೇಳುತ್ತೇನೆ. ನಮ್ಮದರಲ್ಲಿ ಪ್ಲೇ ಬಂದು ಎಷ್ಟೋ ವರ್ಷ ಆಗಿತ್ತು. ವೀಲು ಅಷ್ಟು ತಿರುಗಿದ ಮೇಲೆ ಟಯರು ಇಷ್ಟು ಅಲ್ಲಾಡುವುದು. ಅಪ್ಪನ ಕೈಗೂ ನನ್ನ ಕೈಗೂ ಅದೇ ರೂಢಿ. ನೇರ ರಸ್ತೆಯಲ್ಲೂ ಎಡಕ್ಕೆ ಒಂದು ಚೂರು, ಬಲಕ್ಕೆ ಒಂದು ಚೂರು ಆಡಿಸುತ್ತಾ ಹೋಗುವುದು. ಹಳೇ ಜೀಪು ಅಂದರೆ ಹಾಗೆಯೇ ಅಂತ ನಾವು ನಂಬಿಬಿಟ್ಟಿದ್ದೆವು. ಆ ನಂಬಿಕೆಯೇ ತಪ್ಪು ನೋಡಿ. ಹೊಸತಾಗಿ ಬಂದ ದಿನ ಅದು ಹಾಗೆ ಇರಲಿಲ್ಲ.

ಕಳೆದ ವರ್ಷ ಪೇಟೆಯ ಒಂದು ಗ್ಯಾರೇಜಿನಲ್ಲಿ ಪ್ಲೇ ತೆಗೆದುಕೊಡಿ ಅಂತ ಕೊಟ್ಟೆ. ಟಯರು ಓರೆ ನಿಂತಿರುವಾಗಲೇ ಬಾಕ್ಸಿನ ಬದಿಯ ಸ್ಕ್ರೂ ಬಿಗಿದು ಕೊಟ್ಟರು. ಅಮ್ಮನನ್ನು ಕೂರಿಸಿಕೊಂಡು ಕೈಕಂಬದಿಂದ ಗುಂಡ್ಯದ ಕಾಡುದಾರಿಯಲ್ಲಿ ಹೋಗುತ್ತಿದ್ದೆ. ತಿರುವಿನಲ್ಲಿ ತಿರುಗಿಸಿದ ವೀಲು ಮಾಮೂಲಿನಂತೆ ತಾನಾಗಿ ವಾಪಸು ಬರಬೇಕಲ್ಲ, ಬರಲಿಲ್ಲ. ಹಿಡಿದ ಜಾಗದಲ್ಲೇ ನಿಂತಿತು. ಎರಡೂ ಕೈಯಿಂದ ಎಳೆದು ನೇರ ಮಾಡುವಾಗ ಮುಂದಿನ ಟಯರು ಚರಂಡಿಯ ಅಂಚು ಮುಟ್ಟಿ ಬಂತು. ಅಮ್ಮ ಒಂದು ಮಾತೂ ಆಡಲಿಲ್ಲ, ಕಂಬಿ ಹಿಡಿದ ಕೈ ಮಾತ್ರ ಮನೆ ಮುಟ್ಟುವವರೆಗೆ ಬಿಡಲಿಲ್ಲ. ಆ ಕೈ ನೋಡಿದ ಮೇಲೆ ನಾನೇ ಕೂತು ಕಲಿತದ್ದು.

ಶಾಫ್ಟಿನ ಬುಡದಲ್ಲಿ ಸುರುಳಿಯಾಗಿ ತೋಡು ಕಡಿದ ಹಾಗೆ ಉಂಟು. ಆ ತೋಡಿನಲ್ಲಿ ಲಿವರಿನ ಮೊಳೆ ಓಡ್ತದೆ, ಲಿವರು ಡ್ರಾಪ್ ಆರ್ಮನ್ನು ಆಡಿಸ್ತದೆ, ಅದು ಡ್ರ್ಯಾಗ್ ಲಿಂಕಿನ ಮೂಲಕ ಟಯರನ್ನು ತಿರುಗಿಸ್ತದೆ. ಜೀಪು ಹೆಚ್ಚು ಹೊತ್ತು ನೇರವೇ ಓಡುವುದರಿಂದ ಸವೆಯುವುದೂ ನಡುವೆಯೇ. ಮಾಡಿದವರು ಅದನ್ನು ಮೊದಲೇ ಎಣಿಸಿ, ತೋಡನ್ನು ನಡುವಿನಲ್ಲಿ ಬಿಗಿ, ಎರಡು ತುದಿಯಲ್ಲಿ ಚೂರು ಸಡಿಲ ಇಟ್ಟಿದ್ದಾರೆ. ಹಾಗಾಗಿ ಸ್ಕ್ರೂ ಬಿಗಿಯುವುದು ನಡುವಿನಲ್ಲಿಟ್ಟೇ. ತುದಿಯಲ್ಲಿಟ್ಟು ಬಿಗಿದರೆ ನಡುವಿಗೆ ಬರುವಾಗ ಕಚ್ಚಿಕೊಳ್ತದೆ. ಗುಂಡ್ಯದ ದಾರಿಯಲ್ಲಿ ಆದದ್ದು ಅದೇ.

ನಡು ಹುಡುಕುವುದು ಸುಲಭ. ಡ್ರ್ಯಾಗ್ ಲಿಂಕು ಕಳಚಿ, ವೀಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಬೇಕು. ಎಣಿಸಿದ ಸುತ್ತಿನ ಅರ್ಧದಷ್ಟು ಹಿಂದೆ ತಂದರೆ ನಡು. ಅಲ್ಲಿ ಸ್ಕ್ರೂ ಎಷ್ಟು ಬಿಗಿಯಬೇಕೆಂದರೆ, ನಡು ದಾಟುವಾಗ ಬೆರಳಿಗೆ ಸಣ್ಣ ತಡೆ ಗೊತ್ತಾಗಬೇಕು, ಅಷ್ಟೇ. ಮೊದಲ ಸಲ ಆ ತಡೆ ಬೆರಳಿಗೆ ಸಿಕ್ಕಿದಾಗ ನನಗಾದ ಖುಷಿ ಹೇಳಿ ಮುಗಿಯದು. ಶಾಫ್ಟು ಮೇಲೆ ಕೆಳಗೆ ಆಡುವುದು ಬೇರೆ ಕತೆ. ಅದಕ್ಕೆ ಬಾಕ್ಸಿನ ಮೇಲಿನ ಮುಚ್ಚಳದಡಿ ಕಾಗದದಷ್ಟು ತೆಳು ಶಿಮ್ಮು ಉಂಟು, ಒಂದೊಂದೇ ತೆಗೆದು ನೋಡಬೇಕು. ಡ್ರಾಪ್ ಆರ್ಮಿನ ಬುಷ್ಷನ್ನು ಪುತ್ತೂರಿನ ಲೇತಿನಲ್ಲಿ ಕಡೆಸಿ ತಂದೆ. ಒಳಗೆ ಗ್ರೀಸು ತುಂಬುವವರು ಹೆಚ್ಚು. ಗ್ರೀಸು ಬದಿಗೆ ಸರಿದರೆ ವಾಪಸು ಬರುವುದಿಲ್ಲ, ತೋಡು ಒಣಗ್ತದೆ. ನಾನು 140 ನಂಬ್ರದ ಎಣ್ಣೆಯನ್ನೇ ಹಾಕಿದ್ದೇನೆ. ಸೀಲು ಹೊಸತು ಹಾಕಿದರೆ ಸೋರುವುದಿಲ್ಲ.

ಮತ್ತೊಂದು, ವೀಲು ತೆಗೆಯಲು ಶಾಫ್ಟಿನ ತಲೆಗೆ ಸುತ್ತಿಗೆಯಲ್ಲಿ ಬಡಿಯುತ್ತಾರಲ್ಲ, ಅದನ್ನು ದಯವಿಟ್ಟು ಯಾರಿಗೂ ಮಾಡಲು ಬಿಡಬೇಡಿ. ಪೆಟ್ಟು ನೇರ ಬುಡದ ಬೇರಿಂಗಿಗೆ ಹೋಗಿ ಗುಂಡಿನ ಗುರುತು ಬೀಳ್ತದೆ. ಪುಲ್ಲರು ಹಾಕಿದರೆ ನಾಜೂಕಿನಲ್ಲಿ ಬರ್ತದೆ.

ನಿಮ್ಮ ಭಾವನ ಅಂಬಾಸಿಡರಿಗೆ ಈ ಲೆಕ್ಕ ಆಗುವುದಿಲ್ಲ. ಅದು ರ‍್ಯಾಕ್ ಮತ್ತು ಪಿನಿಯನ್. ಅದರ ಹಳೇ ಮಾಡೆಲಿನಲ್ಲಿ ಸ್ಟೇರಿಂಗಿನ ಕೊಳವೆಗೇ ಕೈಗೇರು ಸಿಕ್ಕಿಸಿದ್ದರಿಂದ ಬಿಚ್ಚಿ ಜೋಡಿಸುವಾಗ ಗೇರಿನ ಬುಷ್ಷುಗಳನ್ನೂ ನೋಡಬೇಕು. 2014ರಲ್ಲಿ ಆ ಕಾರು ಮಾಡುವುದೇ ನಿಂತುಹೋಯಿತು. ಅವರು ಜೋಪಾನ ಮಾಡಲಿ.

ನಮ್ಮ ಜೀಪಿನದ್ದು ಜೋಡಿಸುವಾಗ ನಾನು ಮೊದಲು ಮಾಡುತ್ತಿದ್ದ ತಪ್ಪು ಒಂದುಂಟು. ಡ್ಯಾಶಿನ ಹತ್ತಿರದ ಕ್ಲಾಂಪು ಮೊದಲು ಬಿಗಿದು, ಆಮೇಲೆ ಅಡಿಯ ಬಾಕ್ಸನ್ನು ಚಾಸಿಗೆ ಎಳೆದು ಬೋಲ್ಟು ಹಾಕುವುದು. ಹಾಗೆ ಮಾಡಿದರೆ ಕೊಳವೆ ಬಾಗಿ ನಿಲ್ತದೆ, ಒಳಗಿನ ಶಾಫ್ಟು ಉಜ್ಜುತ್ತಲೇ ಇರ್ತದೆ. ಕ್ಲಾಂಪು, ಬೋಲ್ಟು ಎಲ್ಲ ಸಡಿಲ ಬಿಡಬೇಕು. ಕೊಳವೆ ತಾನು ಕೂರುವ ಜಾಗದಲ್ಲಿ ಕೂರಲಿ. ಬಾಕ್ಸಿನ ಬೋಲ್ಟು ಬಿಗಿದ ಮೇಲೆ ಕ್ಲಾಂಪು, ಬೇಕಾದರೆ ಕ್ಲಾಂಪನ್ನೇ ಚೂರು ಸರಿಸಿದರೆ ಆಯಿತು. ಡ್ರಾಪ್ ಆರ್ಮಿಗೆ ಬಿಚ್ಚುವ ಮೊದಲೇ ಪಂಚಿನಲ್ಲಿ ಗುರುತು ಹೊಡೆದಿಟ್ಟದ್ದು ಒಳ್ಳೆಯದಾಯಿತು, ಒಂದು ಹಲ್ಲು ತಪ್ಪಿದರೂ ನಡು ತಪ್ಪಿತು ಅಂತಲೇ ಲೆಕ್ಕ. ಡ್ರ್ಯಾಗ್ ಲಿಂಕಿನ ಮುಂದಿನ ತುದಿಯ ಬೆಲ್ ಕ್ರ್ಯಾಂಕಿನ ಬುಷ್ಷೂ ಹೊಸತೇ. ಅದು ಸವೆದಿದ್ದರೆ ಬಾಕ್ಸು ಎಷ್ಟು ಚೊಕ್ಕ ಇದ್ದರೂ ಪ್ಲೇ ಹೋಗುವುದಿಲ್ಲ.

ಪುತ್ತೂರಿನ ಆರ್‌ಟಿಒದಲ್ಲಿ ಎಫ್‌ಸಿಗೆ ಕೊಡುವ ಮೊದಲು ಇದೆಲ್ಲ ಮುಗಿಯಬೇಕು. ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತಾ ಬಂದಿದ್ದೇವೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಅಂತ 2021ರಲ್ಲಿ ನಿಯಮ ಬಂದದ್ದು ಹೌದು, ಆದರೆ ಹಾಗೆ ಮಾಡಿದರೆ ದಿನನಿತ್ಯ ರಸ್ತೆಗೆ ಇಳಿಸುವ ಹಾಗಿಲ್ಲ. ನಮಗೆ ಇದು ತೋಟದ ಕೆಲಸಕ್ಕೆ ಬೇಕು, ಅಮ್ಮನನ್ನು ಕುಕ್ಕೆಗೆ ಕರಕೊಂಡು ಹೋಗಲಿಕ್ಕೂ ಬೇಕು.

ನಾಳೆ ಬೆಳಿಗ್ಗೆ ಮಳೆ ಬಿಟ್ಟರೆ ಒಂದು ಗಳಿಗೆ ಈ ಕಡೆ ಬನ್ನಿ. ಶಾಫ್ಟನ್ನು ಅಡಿಯಿಂದ ಫ್ಲೋರಿನ ತೂತಿಗೆ ಏರಿಸುವಾಗ ಮೇಲಿನಿಂದ ಹಿಡಿಯಲು ಒಬ್ಬರು ಬೇಕು. ಆಮೇಲೆ ನಾನು ವೀಲು ನಡುವಿನಲ್ಲಿ ಹಿಡಿದು ಕೂರುತ್ತೇನೆ, ನೀವು ಮುಂದೆ ನಿಂತು ಎರಡು ಟಯರೂ ನೇರ ಉಂಟಾ ಅಂತ ಹೇಳಬೇಕು. ಕಾಫಿ ಅಮ್ಮ ಮಾಡ್ತಾರೆ.