ಶೈತ್ಯೋಪಚಾರ

ನಮ್ಮ ಪ್ರಾಚೀನ ಕವಿಗಳು ತಾಪವೆಂಬುದನ್ನು ಹೃದಯಕ್ಕೆ ಮಾತ್ರವೇ ಮೀಸಲಾದ ವ್ಯಾಧಿಯೆಂದು ಭಾವಿಸಿದ್ದಂತೆ ತೋರುತ್ತದೆ. ನಾಯಿಕೆಗೆ ವಿರಹಜ್ವರ ಅಂಕುರಿಸಿದೊಡನೆಯೇ ಸಖಿಯರು ತಾವರೆಯೆಲೆಯ ಹಾಸು, ಚಂದನದ ಲೇಪ, ಬಾಳೆಯೆಲೆಯ ಬೀಸಣಿಗೆ, ಚಂದ್ರಕಾಂತಶಿಲೆಯ ಜಗುಲಿ ಇವೆಲ್ಲವನ್ನೂ ಅಣಿಮಾಡಿ ಶೈತ್ಯೋಪಚಾರಕ್ಕೆ ತೊಡಗುತ್ತಾರೆ. ಉಪಚಾರ ಹೆಚ್ಚಿದಷ್ಟೂ ತಾಪವು ಹೆಚ್ಚುತ್ತದೆ, ತಾಪ ಹೆಚ್ಚಿದಷ್ಟೂ ಪದ್ಯಗಳು ಹೆಚ್ಚುತ್ತವೆ. ಈ ಪುರಾತನ ಶಾಸ್ತ್ರವು ಲುಪ್ತವಾಗಿಲ್ಲ, ಕಾವ್ಯದಿಂದ ಮೋಟಾರು ಗ್ಯಾರೇಜಿಗೆ ವಾಸ್ತವ್ಯ ಬದಲಾಯಿಸಿದೆ, ಅಷ್ಟೆ, ಎಂಬುದನ್ನು ನನಗೆ ಪ್ರತ್ಯಕ್ಷ ತೋರಿಸಿದವನು ನನ್ನ ತಮ್ಮನ ಮಗ.

ಈತನಲ್ಲಿ ಒಂದು ಹಳೆಯ ಮಾರುತಿ ಎಸ್ಟೀಮ್ ಇದೆ. ಒಂದು ಕಾಲಕ್ಕೆ ಬ್ಯಾಂಕಿನ ಮ್ಯಾನೇಜರುಗಳೂ ವೈದ್ಯರೂ ಗಾಂಭೀರ್ಯದಿಂದ ಓಡಿಸುತ್ತಿದ್ದ, 1298 ಸಿ.ಸಿ. ಎಂಜಿನ್ನಿನ ಆ ಸಂಸಾರವಂದಿಗ ಕಾರು, ಮೈ ಹಗುರ, ಎಂಜಿನ್ನು ಚುರುಕು ಎಂಬ ಕಾರಣಕ್ಕಾಗಿ ನಮ್ಮ ದೇಶದ ಮೋಟಾರು ಪಂದ್ಯಗಳಲ್ಲಿಯೂ ಬಹುಕಾಲ ಹೆಸರು ಮಾಡಿತು. ಇವನ ಕಾರಂತೂ ಸರ್ವಸಂಗವನ್ನೂ ಪರಿತ್ಯಜಿಸಿದೆ: ಹಿಂದಿನ ಸೀಟಿಲ್ಲ, ಕಾರ್ಪೆಟ್ಟಿಲ್ಲ, ಎ.ಸಿ. ಇಲ್ಲ, ಸೈಲೆನ್ಸರು ಮಾತ್ರ ಇದೆ, ಅದು ಇದೆಯೆಂಬುದು ಮೂರು ಬೀದಿಗಳಿಗೂ ಗೊತ್ತಿದೆ. ಈ ವಿರಕ್ತ ವಾಹನವನ್ನೇರಿ ಅವನು ಆಗಾಗ ಚೆನ್ನೈಗೆ ಈಚೆಗಿರುವ ಇರುಂಗಾಟ್ಟುಕೋಟೈಯ ಪಂದ್ಯದ ಪಥಕ್ಕೆ ಹೋಗುತ್ತಾನೆ. ಆ ಊರು ಶ್ರೀಮದ್ರಾಮಾನುಜಾಚಾರ್ಯರ ಅವತಾರಸ್ಥಳವಾದ ಶ್ರೀಪೆರುಂಬುದೂರಿನ ಮಗ್ಗುಲಲ್ಲೇ ಇರುವುದರಿಂದ, ನನ್ನ ತಮ್ಮನ ಹೆಂಡತಿ ಬಂಧುಗಳಲ್ಲಿ ‘ಮಗ ಶ್ರೀಪೆರುಂಬುದೂರಿಗೆ ಹೋಗಿದ್ದಾನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಅದರಲ್ಲಿ ಅಸತ್ಯವೇನೂ ಇಲ್ಲ, ಪ್ರದಕ್ಷಿಣೆಗಳೂ ನಿಜವೇ. ಒಂದೊಂದು ಪ್ರದಕ್ಷಿಣೆ ಸುಮಾರು 3.7 ಕಿಲೋಮೀಟರು.

ಹೀಗೊಮ್ಮೆ ಪ್ರದಕ್ಷಿಣೆ ಮುಗಿಸಿ ಬಂದವನು, “ದೊಡ್ಡಪ್ಪ, ಎಂಜಿನ್ ಆಯಿಲು ಕುದೀತಾ ಇದೆ, ಕೂಲರು ಹಾಕಿಸಲೇಬೇಕು” ಎಂದನು. ಡ್ಯಾಷ್‌ಬೋರ್ಡಿನ ಉಷ್ಣದ ಮುಳ್ಳು ಮಧ್ಯದಲ್ಲೇ ಧ್ಯಾನಸ್ಥವಾಗಿತ್ತಲ್ಲವೆ ಎಂದು ಕೇಳಿದೆ. ಆ ಮುಳ್ಳು ಹೇಳುವುದು ರೇಡಿಯೇಟರಿನ ನೀರಿನ ಸಮಾಚಾರವನ್ನು ಮಾತ್ರ; ಎಣ್ಣೆಯ ಸಂಕಟವನ್ನು ಹೇಳುವ ಮುಳ್ಳನ್ನು ಸಾಮಾನ್ಯ ಕಾರುಗಳಿಗೆ ಕೊಡುವ ಪದ್ಧತಿಯೇ ಇಲ್ಲ. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಕ್ರ್ಯಾಂಕನ್ನು ಬೇರಿಂಗುಗಳ ಮೇಲೆ ಕೂದಲೆಳೆಗಿಂತ ತೆಳುವಾದ ಪೊರೆಯಾಗಿ ಎತ್ತಿ ಹಿಡಿಯುವುದು, ಪಿಸ್ಟನ್ನುಗಳ ತಳಕ್ಕೆ ಚಿಮ್ಮಿ ಅಲ್ಲಿಯ ಬೇಗೆಯನ್ನು ಹೊತ್ತು ತರುವುದು, ಇವೆರಡೂ ಆ ಮೂಕಸೇವಕನ ಕರ್ತವ್ಯಗಳು. ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಅದು ಪ್ರಸನ್ನವಾಗಿರುತ್ತದೆ. 130ನ್ನು ದಾಟಿ ಬಹಳ ಹೊತ್ತು ನಿಂತರೆ ತೆಳ್ಳಗಾಗಿ, ಒತ್ತಡ ಕುಸಿದು, ಆಮ್ಲಜನಕದೊಡನೆ ಬೆರೆತು ಕೆಡತೊಡಗುತ್ತದೆ. ಆ ಬಳಿಕ ಬೇರಿಂಗುಗಳ ಆಯುಷ್ಯವು ಭಗವದಿಚ್ಛೆ.

ಬೆಂಗಳೂರಿನ ವಿಲ್ಸನ್ ಗಾರ್ಡನ್ನಿನ ಓಣಿಯೊಂದರಲ್ಲಿರುವ ಮೇಸ್ತ್ರಿಯ ಬಳಿಗೆ ಇಬ್ಬರೂ ಹೋದೆವು. ಹುಡುಗನಾಗಲೇ ಇಪ್ಪತ್ತೈದು ಸಾಲಿನ ಕೂಲರನ್ನು ಮನಸ್ಸಿನಲ್ಲಿ ವರಿಸಿಬಿಟ್ಟಿದ್ದನು. ಈ ಕೂಲರುಗಳು ಹತ್ತು, ಹದಿಮೂರು, ಹದಿನಾರು, ಹತ್ತೊಂಬತ್ತು, ಇಪ್ಪತ್ತೈದು ಎಂದು ಎಣ್ಣೆ ಹರಿಯುವ ಕೊಳವೆಗಳ ಸಾಲುಗಳ ಲೆಕ್ಕದಲ್ಲಿ ದೊರೆಯುತ್ತವೆ. ಹಣವುಳ್ಳ ತರುಣನಿಗೆ ದೊಡ್ಡ ಸಂಖ್ಯೆಯನ್ನು ಕಂಡಾಗ ಉಂಟಾಗುವ ಅನುರಾಗವು ಅವರ್ಣನೀಯವಾದದ್ದು. ಮೇಸ್ತ್ರಿ ಬಾನೆಟ್ಟಿನೊಳಗಿನಿಂದ ತಲೆಯನ್ನು ಹೊರಗೆ ತೆಗೆಯದೆಯೇ, “ಮೀಟರು ಹಾಕದೆ ಕೂಲರು ಹಾಕೋ ಪದ್ಧತಿ ನಮ್ಮಲ್ಲಿಲ್ಲ ಸಾರ್. ಮೊದಲು ಎಣ್ಣೆ ಎಷ್ಟು ಕಾಯ್ತದೆ ನೋಡ್ಕೊಂಡು ಬನ್ನಿ” ಎಂದನು. ಕಾವ್ಯಗಳ ಸಖಿಯರಲ್ಲಿ ಒಬ್ಬಳಾದರೂ ಹೀಗೆ ಕೇಳಿದ್ದರೆ ಎಷ್ಟು ಚಂದನ ಉಳಿಯುತ್ತಿತ್ತೋ! ಮೀಟರು ಬಂತು, ಮುಂದಿನ ಶ್ರೀಪೆರುಂಬುದೂರು ಯಾತ್ರೆಯಲ್ಲಿ ಅದು 134 ಡಿಗ್ರಿ ತೋರಿಸಿತು. ವ್ಯಾಧಿ ಕಲ್ಪಿತವಲ್ಲವೆಂದು ಸಿದ್ಧವಾದ ಮೇಲೆಯೇ ಮೇಸ್ತ್ರಿ ಚಿಕಿತ್ಸೆಗೆ ಒಪ್ಪಿದನು. ಅದೂ ಹದಿಮೂರು ಸಾಲಿನದಕ್ಕೆ.

ಅವನ ವಾದ ತರ್ಕಬದ್ಧವಾಗಿತ್ತು. ಕೂಲರು ದೊಡ್ಡದಾದಷ್ಟೂ ಅದರ ಹಿಂದಿರುವ ರೇಡಿಯೇಟರಿಗೆ ಗಾಳಿ ತಪ್ಪುತ್ತದೆ. ಎಣ್ಣೆಯನ್ನು ತಂಪುಮಾಡಹೋಗಿ ನೀರನ್ನು ಕುದಿಸಿದಂತಾಗುತ್ತದೆ. ಒಬ್ಬರ ಶೈತ್ಯ ಮತ್ತೊಬ್ಬರ ತಾಪವಾಗುವ ಈ ನ್ಯಾಯಕ್ಕೆ ಇತಿಹಾಸದಲ್ಲಿಯೇ ನಿದರ್ಶನವುಂಟು: ಗಾಳಿಯಿಂದಲೇ ತಣಿಯುವ ಎಂಜಿನ್ನಿನ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಆಯಿಲ್ ಕೂಲರನ್ನು ಫ್ಯಾನಿನ ಗೂಡಿನೊಳಗೇ ನಿಲ್ಲಿಸಿದ್ದರಿಂದ, ಅದನ್ನು ಹಾದು ಬಿಸಿಯಾದ ಗಾಳಿಯೇ ಮೂರನೆಯ ಸಿಲಿಂಡರಿನ ಪಾಲಿಗೆ ಬಂದು, ಆ ಬಡಪಾಯಿ ಉಳಿದ ಮೂವರು ಸೋದರರಿಗಿಂತ ಹೆಚ್ಚು ಬೆಂದು, ಎಕ್ಸಾಸ್ಟ್ ವಾಲ್ವನ್ನು ಸುಟ್ಟುಕೊಳ್ಳುವುದು ವಾಡಿಕೆಯಾಗಿತ್ತು, 1971ರ ಮಾದರಿಯಲ್ಲಿ ಕೂಲರಿಗೆ ಬೇರೆ ಮನೆ ಮಾಡಿಕೊಟ್ಟ ಮೇಲೆ ಆ ಅವಿಭಕ್ತ ಕುಟುಂಬದಲ್ಲಿ ನೆಮ್ಮದಿಯುಂಟಾಯಿತು. ಅತಿಶೈತ್ಯದ ದೋಷವೂ ಅಲ್ಪವಾದುದಲ್ಲ. ಎಣ್ಣೆಯು ಸದಾ 80 ಡಿಗ್ರಿಗಿಂತ ಕೆಳಗೇ ಉಳಿದರೆ, ಅದರಲ್ಲಿ ಸೇರುವ ನೀರಿನ ಪಸೆಯೂ ಪೆಟ್ರೋಲಿನ ಅಂಶವೂ ಆವಿಯಾಗಿ ಹೊರಬೀಳದೆ ಒಳಗೇ ಠಿಕಾಣಿ ಹೂಡುತ್ತವೆ. ಆದುದರಿಂದ ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಕೂರುವ, ಥರ್ಮೋಸ್ಟಾಟು ಇರುವ ಸ್ಯಾಂಡ್‌ವಿಚ್ ಪ್ಲೇಟೇ ಬೇಕೆಂದು ಮೇಸ್ತ್ರಿ ಹಟಹಿಡಿದನು. ಎಣ್ಣೆ ಸುಮಾರು 80 ಡಿಗ್ರಿಗೆ ಏರುವವರೆಗೆ ಅದು ಕೂಲರಿನ ಹಾದಿಯನ್ನು ಬಹುಮಟ್ಟಿಗೆ ಮುಚ್ಚಿಟ್ಟು, ಸ್ವಲ್ಪ ಎಣ್ಣೆಯನ್ನು ಮಾತ್ರ ಆ ಕಡೆಗೆ ಜಿನುಗಲು ಬಿಡುತ್ತದೆ. ಆಮೇಲೆ ಹಾದಿ ತೆರೆಯುತ್ತದೆ. ಯಾವಾಗ ಉಪಚರಿಸಬಾರದೆಂಬುದನ್ನು ಬಲ್ಲ ಇಂಥ ವಿವೇಕಿಯನ್ನು ನಾನು ಮನುಷ್ಯರಲ್ಲಿಯೂ ವಿರಳವಾಗಿ ಕಂಡಿದ್ದೇನೆ.

ಪೈಪಿನ ಅಳತೆಯ ಪ್ರಸಂಗ ನನಗೆ ವಿಶೇಷ ಸಂತೋಷವನ್ನು ಕೊಟ್ಟಿತು. ಇದಕ್ಕೆ ಬೇಕಾದದ್ದು ‘ಡ್ಯಾಷ್ ಟೆನ್’ ಪೈಪೆಂದನು ಮೇಸ್ತ್ರಿ; ವಿಚಾರಿಸಲಾಗಿ, ಅಂಗುಲವನ್ನು ಹದಿನಾರು ಭಾಗ ಮಾಡಿ ಅದರಲ್ಲಿ ಹತ್ತು ಭಾಗವೆಂದು ಅದರ ಲೆಕ್ಕ. ಹದಿನಾರಾಣೆಯ ರೂಪಾಯಿಯಲ್ಲಿ ವ್ಯವಹರಿಸಿ ಬೆಳೆದ ನನಗೆ ಇದು ಶುದ್ಧ ಹತ್ತಾಣೆ ಪೈಪೆಂದು ಕ್ಷಣಮಾತ್ರದಲ್ಲಿ ಹೊಳೆಯಿತು. ಸಾಫ್ಟ್‌ವೇರ್ ಓದಿದ ಹುಡುಗ ಕ್ಯಾಲ್ಕುಲೇಟರು ತೆಗೆದನು.

ಜೋಡಿಸುವ ದಿನ ನಾನೊಂದು ಸ್ಟೂಲಿನ ಮೇಲೆ ಸಾಕ್ಷಿಯಾಗಿ ಕುಳಿತಿದ್ದೆ. ಮುಂದಿನ ಬಂಪರು ಕಳಚಿತು. ಹಳೆಯ ಎಣ್ಣೆ ಬಾಣಲೆಗೆ ಇಳಿಯಿತು. ಫಿಲ್ಟರನ್ನು ಬಿಚ್ಚುವಾಗ ಒಂದು ಕಪ್ಪು ಧಾರೆ ಮೇಸ್ತ್ರಿಯ ಮೊಣಕೈವರೆಗೆ ಹರಿದು ಅಲ್ಲಿಂದ ತೊಟ್ಟಿಕ್ಕಿತು. ಫಿಲ್ಟರಿಗೂ ಎಂಜಿನ್ನಿಗೂ ನಡುವೆ ಸ್ಯಾಂಡ್‌ವಿಚ್ ಪ್ಲೇಟನ್ನು ಕೂರಿಸಿ, ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳತುದಿಯಿಂದ ಎಣ್ಣೆ ಸವರಿ, ಅದು ಪ್ಲೇಟನ್ನು ಮುಟ್ಟಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿ ನಿಲ್ಲಿಸಿದನು, ಸ್ಪ್ಯಾನರು ಮುಟ್ಟಲಿಲ್ಲ. ಉಕ್ಕಿನ ತಂತಿ ಹೆಣೆದ ಹೋಸ್ ಪೈಪನ್ನು ಕತ್ತರಿಸುವ ಮುನ್ನ ಆ ಜಾಗಕ್ಕೆ ಬಿಗಿಯಾಗಿ ಟೇಪು ಸುತ್ತಿದನು, ಇಲ್ಲವಾದರೆ ತಂತಿಯ ಎಳೆಗಳು ಕೆದರಿ ಬೆರಳಿಗೆ ನಾಟುತ್ತವೆ. ಕತ್ತರಿಸಿದ ಮೇಲೆ ಒಳಗಿನ ರಬ್ಬರಿನ ಪುಡಿಯನ್ನು ತೊಳೆದು ಊದಿ ತೆಗೆದನು, ಅದು ಬೇರಿಂಗಿನ ದಾರಿ ಹಿಡಿಯಬಾರದಲ್ಲ. ಆ ಪೈಪು ತಾಗಿದ್ದನ್ನೆಲ್ಲ ಅರದಂತೆ ತೇಯುವುದರಿಂದ, ಅದು ಹಾದುಹೋಗುವ ಮೂಲೆಮೂಲೆಗೂ ರಬ್ಬರ್ ಹೊದಿಸಿದನು. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಕೂಲರನ್ನು ಬಾಯಿ ಮೇಲಾಗಿ ನಿಲ್ಲಿಸಿ, ಒಂದು ಸ್ಪ್ಯಾನರಿನಿಂದ ಅಲ್ಯೂಮಿನಿಯಂ ಕತ್ತನ್ನು ಹಿಡಿದು ಇನ್ನೊಂದರಿಂದ ನಟ್ಟನ್ನು ಬಿಗಿದನು. ಗಾಳಿಯೆಂಬುದು ಪರಮ ಸೋಮಾರಿ, ಸುತ್ತಿ ಹೋಗಲು ಸಂದು ಸಿಕ್ಕರೆ ಕೂಲರಿನೊಳಗೆ ನುಗ್ಗುವುದೇ ಇಲ್ಲವೆಂದು ಹೇಳುತ್ತ, ಬಂಪರಿನ ಕಂಡಿಯಿಂದ ಕೂಲರಿನವರೆಗೆ ತಗಡಿನ ಕಾಲುವೆ ಮಾಡಿದನು. ಕೊನೆಗೆ ಪೆಟ್ರೋಲು ಹೋಗದಂತೆ ತಡೆದು, ಎಣ್ಣೆಯೊತ್ತಡದ ಕೆಂಪು ದೀಪ ಆರುವವರೆಗೆ ಸ್ಟಾರ್ಟರು ತಿರುಗಿಸಿ, ಆಮೇಲೆ ಎಂಜಿನ್ನಿಗೆ ಜೀವ ಕೊಟ್ಟನು. ಕೂಲರೂ ಪೈಪುಗಳೂ ಕುಡಿದ ಎಣ್ಣೆಯಷ್ಟನ್ನು ಡಿಪ್‌ಸ್ಟಿಕ್ಕು ನೋಡಿ ಮತ್ತೆ ತುಂಬಿದನು.

ಬಿಲ್ಲನ್ನು ಕಂಡು ನನ್ನ ತಮ್ಮನ ಹೆಂಡತಿ, “ಭಾವ, ನಡುಮನೆ ಫ್ಯಾನು ತಿರುಗದೆ ಆರು ತಿಂಗಳಾಯ್ತು. ಇವನಿಗೆ ಕಾರಿನ ಎಣ್ಣೆಗೆ ಗಾಳಿ ಬೇಕಂತೆ!” ಎಂದಳು. ಇದಕ್ಕೆ ಯಂತ್ರಶಾಸ್ತ್ರದಲ್ಲಿ ಸಮಾಧಾನವಿಲ್ಲ. ಆದರೂ ಪಥದ ಮೇಲೆ ಎಣ್ಣೆ 110ರ ಆಸುಪಾಸಿನಲ್ಲಿಯೇ ನಿಂತಿತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಆ ಕೂಲರು ನಯಾಪೈಸೆಯ ಕೆಲಸವನ್ನೂ ಮಾಡುವುದಿಲ್ಲವೆಂಬುದೂ ಅಷ್ಟೇ ಸತ್ಯ. ಗಾಳಿ ಬೀಸಬೇಕಾದರೆ ಕಾರು ಚಲಿಸಬೇಕು, ಅಲ್ಲಿ ಕಾರು ಚಲಿಸುವ ಸಂಪ್ರದಾಯವಿಲ್ಲ.

ಆದುದರಿಂದ ಕಾರುಪ್ರಿಯರಾದ ತರುಣ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಮೊದಲು ಎಣ್ಣೆಯ ಉಷ್ಣವನ್ನಳೆಯುವ ಮೀಟರನ್ನು ಕೊಂಡು, ನೀವು ನಿಜವಾಗಿ ಓಡಿಸುವ ವೇಗದಲ್ಲಿ ಓಡಿಸಿ ನೋಡಿರಿ. ಮುಳ್ಳು 130ರತ್ತ ಹೊರಟರೆ, ಕೆಲಸಕ್ಕೆ ಸಾಕಾಗುವ ಅತಿ ಚಿಕ್ಕ ಕೂಲರನ್ನು ಥರ್ಮೋಸ್ಟಾಟಿನೊಡನೆ ಹಾಕಿಸಿರಿ. ಮುಳ್ಳು 120ನ್ನೇ ಮುಟ್ಟದಿದ್ದರೆ ಒಳ್ಳೆಯ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸುತ್ತ, ಉಳಿದ ಹಣದಲ್ಲಿ ಟೈರುಗಳನ್ನು ಕೊಳ್ಳಿರಿ. ಆಮೇಲೂ ಹಣ ಮಿಕ್ಕರೆ ನಡುಮನೆಯ ಫ್ಯಾನನ್ನು ರಿಪೇರಿ ಮಾಡಿಸಿರಿ.